ಹಳೇಬೀಡಿನಲ್ಲಿ ಮೊದಲು ಮ್ಯೂಸಿಯಂ, ಆಮೇಲೆ ಗುಡಿ

ಹಳೇಬೀಡಿಗೆ ಹೋಗಿಬಂದವರನ್ನು ಕೇಳಿ ನೋಡಿ. ಹೊಯ್ಸಳೇಶ್ವರ ಗುಡಿ, ದೊಡ್ಡ ನಂದಿ, ಪಕ್ಕದ ಕೆರೆ, ಎಲ್ಲದರ ಬಗ್ಗೆ ಹೇಳುತ್ತಾರೆ. ಗುಡಿಯ ಅಂಗಳಕ್ಕೆ ಹೊಂದಿಕೊಂಡೇ ಒಂದು ಶಿಲ್ಪಗಳ ಮ್ಯೂಸಿಯಂ ಇದೆಯಲ್ಲ, ಅದನ್ನು ನೋಡಿದಿರಾ ಅಂತ ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ. ಬೇಲೂರು ಮುಗಿಸಿ ಹಳೇಬೀಡು, ಅಲ್ಲಿಂದ ಶ್ರವಣಬೆಳಗೊಳ ಅಂತ ಓಡುವ ಪ್ರವಾಸದಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಈ ಸಲ ನಾವು ಆ ಮ್ಯೂಸಿಯಂ ನೋಡುವುದಕ್ಕೇ ಹೊರಟೆವು. ಗುಡಿಗಳನ್ನು ಅದರ ಸುತ್ತ ಜೋಡಿಸಿಕೊಂಡೆವು. ಹಾಗೆ ಮಾಡಿದ್ದರಿಂದ ನೋಡುವ ರೀತಿಯೇ ಬದಲಾಯಿತು. ಅದನ್ನು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಶುಕ್ರವಾರ

ಹಾಸನದಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಈ ಜಿಲ್ಲೆಯ ಗುಡಿಗಳ ಮುಂದೆ ಕೂತು ಪೆನ್ಸಿಲ್ ಹಿಡಿದು ಬರೆದೂ ಬರೆದೂ ಕಲಿತವರು. ನಾನು ಮತ್ತು ಮಗಳು ಬೆಂಗಳೂರಿನಿಂದ ಬಂದಿಳಿದಾಗ ಅಕ್ಕಿ ರೊಟ್ಟಿ, ಹುರುಳಿಕಾಳಿನ ಸಾರು ಸಿದ್ಧವಾಗಿತ್ತು. ಮಗಳು ಒಂಬತ್ತನೇ ಕ್ಲಾಸು. "ತಾತ, ಇವತ್ತೇ ಹಳೇಬೀಡಿಗೆ ಹೋಗೋಣ" ಅಂದಳು.

"ಇವತ್ತು ಶುಕ್ರವಾರ ಕಣಮ್ಮ. ಗುಡಿ ತೆಗೆದಿರುತ್ತೆ, ಮ್ಯೂಸಿಯಂ ಬಾಗಿಲು ಹಾಕಿರುತ್ತೆ" ಅಂದರು ದೊಡ್ಡಪ್ಪ. ಹೌದು, ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾಗಿ ಮಧ್ಯಾಹ್ನ ದೊಡ್ಡಗದ್ದವಳ್ಳಿಗೆ ಹೋದೆವು. ಹಾಸನದಿಂದ ಬೇಲೂರಿನ ದಾರಿಯಲ್ಲಿ ಹೋಗಿ, ಮುಖ್ಯ ರಸ್ತೆ ಬಿಟ್ಟು ಒಳಕ್ಕೆ ತಿರುಗಬೇಕು. ಕೆರೆಯ ದಂಡೆಯಲ್ಲಿ ಲಕ್ಷ್ಮೀದೇವಿ ಗುಡಿ. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಅಂದರೆ ಬೇಲೂರಿನ ಗುಡಿಗಿಂತ ಸ್ವಲ್ಪ ಹಳೆಯದು. ಒಂದೇ ನಡುಮಂಟಪಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿಗಳು. ಹೊರಗೋಡೆಯಲ್ಲಿ ಶಿಲ್ಪದ ಗದ್ದಲ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬರ ರೀತಿಯ ಶಿಖರಗಳು. ಹೊಯ್ಸಳರು ಗೋಡೆಯನ್ನೆಲ್ಲ ಶಿಲ್ಪದಿಂದ ತುಂಬಿಸುವುದಕ್ಕೆ ಮೊದಲು ಹೇಗೆ ಕಟ್ಟುತ್ತಿದ್ದರು ಅಂತ ತಿಳಿಯಬೇಕಾದರೆ ಇಲ್ಲಿಗೆ ಬರಬೇಕು.

ಕಾಳಿಯ ಗರ್ಭಗುಡಿಯ ಮುಂದೆ ಎರಡು ಬೇತಾಳಗಳು ನಿಂತಿವೆ. ಪಕ್ಕೆಲುಬು ಎಣಿಸಬಹುದು. ಮಗಳು ಅವುಗಳ ಮುಂದೆ ಬಹಳ ಹೊತ್ತು ನಿಂತಳು. ಈ ಗುಡಿಯ ಕಾಳಿ ಮೂರ್ತಿ 2020ರ ನವೆಂಬರಿನಲ್ಲಿ ಒಡೆದುಬಿದ್ದ ಸುದ್ದಿ ಬಂದಾಗ ದೊಡ್ಡಪ್ಪ ಫೋನಿನಲ್ಲಿ ಮಾತೇ ಆಡಿರಲಿಲ್ಲ. ಅದನ್ನು ನಾನು ಮಗಳಿಗೆ ಹೇಳಿದೆ.

"ಮುರಿದ್ರೆ ಅದು ದೇವರಲ್ವಾ ತಾತ?"

"ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಮಗಳೇ. ಅದು ನಮ್ಮ ಪದ್ಧತಿ. ಹಿಂದೆ ಹೊಳೆಗೋ ಕೆರೆಗೋ ಬಿಡ್ತಿದ್ರು. ಇಲ್ಲಾಂದ್ರೆ ಗುಡಿ ಹಿಂದೆ, ಅರಳಿಮರದ ಕೆಳಗೆ ಇಡ್ತಿದ್ರು. ನಾಳೆ ನಾವು ನೋಡೋಕೆ ಹೋಗ್ತಿರೋದು ಅಂಥವನ್ನೇ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಶನಿವಾರ

ಬೆಳಿಗ್ಗೆ ಬೇಗ ಹೊರಟೆವು. ಹಾಸನದಿಂದ ಹಳೇಬೀಡಿಗೆ 30 ಕಿಲೋಮೀಟರ್ ಆಸುಪಾಸು. ಸರ್ಕಾರಿ ಬಸ್ಸುಗಳಿವೆ. ಬಸ್ ನಿಲ್ದಾಣದಿಂದ ಗುಡಿಗೆ ನಡೆದೇ ಹೋಗಬಹುದು. ಇದೇ ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫೂರನ ದಂಡು ಇಲ್ಲಿಗೆ ಬಂತು. ಮುಂದೆ ದೆಹಲಿಯ ಸೈನ್ಯ ಮತ್ತೆ ಬಂತು. ಆಮೇಲೆ ಈ ಊರು ಮೊದಲಿನ ಹಾಗೆ ಎದ್ದು ನಿಲ್ಲಲಿಲ್ಲ. ಊರಿನಲ್ಲಿ ಎಷ್ಟೋ ಗುಡಿಗಳು, ಬಸದಿಗಳು ಇದ್ದವು. ಉಳಿದವು ಕೆಲವೇ. ಹಾಳಾದ ಗುಡಿಗಳ ಕಂಬ, ಬಾಗಿಲವಾಡ, ಮೂರ್ತಿಗಳಲ್ಲಿ ಸಿಕ್ಕಿದ್ದನ್ನು ಮ್ಯೂಸಿಯಂನಲ್ಲಿ ಸೇರಿಸಿದ್ದಾರೆ.

ಗುಡಿಯ ಕಡೆ ಹೆಜ್ಜೆ ಹಾಕಿದ ಮಗಳನ್ನು ದೊಡ್ಡಪ್ಪ ತಡೆದರು. "ಮೊದಲು ಇಲ್ಲಿ. ಗುಡಿ ಆಮೇಲೆ."

ಬಯಲಿನಲ್ಲೇ ಹುಲ್ಲುಹಾಸಿನ ಮೇಲೆ ಸಾಲಾಗಿ ಪೀಠಗಳು, ಪೀಠದ ಮೇಲೆ ಶಿಲ್ಪಗಳು. ಎಲ್ಲಕ್ಕಿಂತ ಎತ್ತರಕ್ಕೆ ನಿಂತವನು ಒಬ್ಬ ತೀರ್ಥಂಕರ. ಕೈಗಳು ನೇರ ಕೆಳಕ್ಕೆ, ಮೈಮೇಲೆ ಒಂದು ನೂಲೂ ಇಲ್ಲ, ಒಡವೆ ಇಲ್ಲ. ಪಕ್ಕದ ಸಾಲಿನಲ್ಲಿ ನೋಡಿದರೆ ಕಿರೀಟ, ಕಂಠೀಹಾರ, ತೋಳಬಂದಿ, ಗೆಜ್ಜೆ, ಒಂದು ಬೆರಳಗಲ ಜಾಗವನ್ನೂ ಖಾಲಿ ಬಿಡದ ದೇವರುಗಳು. ಎರಡನ್ನೂ ಮಾಡಿದ್ದು ಒಂದೇ ಕಾಲದ, ಒಂದೇ ನಾಡಿನ ಕೈಗಳು. ಇಷ್ಟು ಬಿಡಲೂ ಗೊತ್ತಿತ್ತು, ಇಷ್ಟು ತುಂಬಲೂ ಗೊತ್ತಿತ್ತು. ನನಗೆ ಮೊದಲ ಆಶ್ಚರ್ಯ ಅದೇ.

ದೊಡ್ಡಪ್ಪ ಪಾಠ ಶುರು ಮಾಡಿದ್ದು ಕಲ್ಲಿನಿಂದ. ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟ್ ಕಲ್ಲಿನದು. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು, 58 ಅಡಿ ಎತ್ತರ. ಆ ಕಲ್ಲಿನಲ್ಲಿ ಉಳಿ ಸುಲಭಕ್ಕೆ ಇಳಿಯುವುದಿಲ್ಲ. ಅದಕ್ಕೇ ದೊಡ್ಡ ದೊಡ್ಡ ಉಬ್ಬುಗಳು, ನುಣುಪಾದ ಮೈ. ಹೊಯ್ಸಳರ ಶಿಲ್ಪಿಗಳು ಹಿಡಿದಿದ್ದು ಬಳಪದ ಕಲ್ಲು. "ನಾವು ಸ್ಲೇಟಿನ ಮೇಲೆ ಬರೀತಿದ್ವಲ್ಲ, ಆ ಬಳಪದ ಜಾತಿದು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ" ಅಂದರು. ಮೆತ್ತಗಿನ ಕಲ್ಲು ಅಂದ ಮೇಲೆ ಕೆಲಸ ಸುಲಭ ಅಂದುಕೊಳ್ಳಬಾರದು. ಸೂಕ್ಷ್ಮವಾಗಿ ಕೆತ್ತಲು ಆಗುತ್ತದೆ ಅಂದರೆ ತಪ್ಪೂ ಅಷ್ಟೇ ಬೇಗ ಆಗುತ್ತದೆ. ಒಂದು ಏಟು ಜಾಸ್ತಿ ಬಿದ್ದರೆ ಬೆರಳು ಹೋಯಿತು. ವಿಜಯನಗರದವರು ಮತ್ತೆ ಗ್ರಾನೈಟಿಗೆ ಮರಳಿದರು. ಅವರ ಶಿಲ್ಪಗಳಲ್ಲಿ ಒಡವೆ ಕಡಿಮೆಯಾಗಿ ಗಾತ್ರ, ಗತ್ತು ಜಾಸ್ತಿಯಾಯಿತು. ಕಲ್ಲು ಬದಲಾದ ಹಾಗೆ ಶಿಲ್ಪವೂ ಬದಲಾಗುತ್ತಾ ಬಂತು. ಇದನ್ನು ಶಾಲೆಯ ಇತಿಹಾಸ ಪುಸ್ತಕದಲ್ಲಿ ಓದಿದ ನೆನಪು ನನಗಿಲ್ಲ. ಅಲ್ಲಿ ರಾಜರ ಹೆಸರು, ಇಸವಿ ಇತ್ತು ಅಷ್ಟೇ.

ಒಂದು ಭೈರವನ ಮುಂದೆ ನಿಂತೆವು. ಎರಡು ಕೈ ಮೊಣಕೈಗೇ ಮುರಿದಿದೆ. ಆದರೂ ಯಾರು ಅಂತ ತಿಳಿಯುತ್ತದೆ. ಮೈಮೇಲೆ ಬಟ್ಟೆ ಇಲ್ಲ, ಕಾಲಲ್ಲಿ ಪಾದುಕೆ, ಕೊರಳಿಂದ ರುಂಡಮಾಲೆ, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ನಾಯಿ. ಮುರಿದ ಜಾಗದಲ್ಲಿ ಬೂದು ಹಸಿರು ಬಣ್ಣದ ಒಳಗಲ್ಲು ಕಾಣುತ್ತದೆ. ಹೊರಮೈ ಎಣ್ಣೆ, ಗಾಳಿ, ಬಿಸಿಲಿಗೆ ಕಪ್ಪಾಗಿದೆ. ಹಾರದ ಎಳೆಗೂ ಎದೆಗೂ ಮಧ್ಯೆ ಉಳಿ ತೂರಿಸಿ ಕೊರೆದಿದ್ದಾರೆ. ಅಲ್ಲಿ ನೆರಳು ಕೂರುತ್ತದೆ. ಹಾರ ಎದೆಯಿಂದ ಎದ್ದು ನಿಂತ ಹಾಗೆ ಕಾಣುವುದು ಆ ನೆರಳಿನಿಂದ. ಗುಡಿಯ ಗೋಡೆಯಲ್ಲಿ ಇದು ತಲೆಯ ಮೇಲೆ ಎಲ್ಲೋ ಇರುತ್ತಿತ್ತು. ಇಲ್ಲಿ ನನ್ನ ಕಣ್ಣಿನ ನೇರಕ್ಕೆ ಇತ್ತು.

ಹಿಂದೆ ಹೋಗಿ ನೋಡಬಹುದು ಅನ್ನುವುದು ಮ್ಯೂಸಿಯಂ ಕೊಡುವ ಇನ್ನೊಂದು ದೊಡ್ಡ ಲಾಭ. ಗೋಡೆಗೆ ಕೂರಿಸುವ ಮೂರ್ತಿಗಳ ಬೆನ್ನು ಒರಟು. ಯಾರೂ ನೋಡದ ಜಾಗ ಅಂತ ಬಿಟ್ಟಿದ್ದಾರೆ. ಅಲ್ಲಿ ಉಳಿಯ ಗೆರೆಗಳು ಹಾಗೇ ಉಳಿದಿವೆ, ಓರೆಯಾಗಿ, ಸಾಲುಸಾಲಾಗಿ. ಮುಂದಿನ ಮುಖದಲ್ಲಿ ಕೆಲಸ ಮಾಡಿದವನ ಗುರುತು ಪೂರ್ತಿ ಅಳಿಸಿಹೋಗಿದೆ, ಬೆನ್ನಲ್ಲಿ ಅವನು ಇದ್ದಾನೆ. ಮಗಳು ಆ ಗೆರೆಗಳ ಹತ್ತಿರ ಮುಖ ತಂದು, ಮುಟ್ಟದೆ, ಕೈಯನ್ನು ಗಾಳಿಯಲ್ಲೇ ಆ ಓರೆಗೆ ಆಡಿಸಿದಳು. "ಬಲಗೈಯವನು ತಾತ" ಅಂದಳು. ದೊಡ್ಡಪ್ಪನಿಗೆ ಎಷ್ಟು ಖುಷಿಯಾಯಿತು ಅಂದರೆ, ಹೌದೋ ಅಲ್ಲವೋ ಅಂತ ತಾವೂ ಕೈ ಆಡಿಸಿ ನೋಡತೊಡಗಿದರು.

ಕಂಬದ ತುಂಡುಗಳು, ಬೋದಿಗೆಗಳಲ್ಲಿ (ಕಂಬದ ತಲೆಯ ಮೇಲೆ ಕೂರಿಸುವ ಕಲ್ಲು) ಗೂಟ ಮತ್ತು ಕುಳಿಗಳು ಕಾಣುತ್ತವೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ರೀತಿ ಅದು. ಕಟ್ಟಡ ನಿಂತಿರುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ವಿಷ್ಣುವಿನ ಮೂರ್ತಿಗಳು. ಮಗಳಿಗೆ ಎಲ್ಲವೂ ಒಂದೇ ಥರ ಕಂಡವು. ದೊಡ್ಡಪ್ಪ ಪುಸ್ತಕ ತೆಗೆದು ನಾಲ್ಕು ಕೈ ಬರೆದರು. ಶಂಖ, ಚಕ್ರ, ಗದೆ, ಪದ್ಮ. ಮೂರ್ತಿಯ ಬಲಗಡೆ ಕೆಳಗಿನ ಕೈಯಿಂದ ಶುರು ಮಾಡಿ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ ಅಂತ ಸುತ್ತು ಬರಬೇಕು. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಆಯುಧಗಳು ಕೈ ಬದಲಿಸಿದರೆ ಹೆಸರೂ ಬದಲಾಗುತ್ತದೆ. ನಾರಾಯಣ, ಮಾಧವ, ಗೋವಿಂದ, ಹೀಗೆ. "ನಾಲ್ಕು ವಸ್ತು, ನಾಲ್ಕು ಕೈ. ಎಷ್ಟು ಥರ ಜೋಡಿಸಬಹುದು, ಲೆಕ್ಕ ಹಾಕು."

ಮಗಳು ತುಟಿ ಆಡಿಸುತ್ತಾ ನಿಂತಳು. "ನಾಲ್ಕು ಇಂಟು ಮೂರು ಇಂಟು ಎರಡು. 24."

"ಸಂಧ್ಯಾವಂದನೆಯಲ್ಲಿ ಕೇಶವಾಯ ಸ್ವಾಹಾ ಅಂತ ಶುರು ಮಾಡಿ ಎಷ್ಟು ಹೆಸರು ಹೇಳ್ತಾರೆ?"

24. ಈ ಹೆಸರುಗಳನ್ನು ಮನೆಯಲ್ಲಿ ಚಿಕ್ಕಂದಿನಿಂದ ಕೇಳಿಸಿಕೊಂಡವಳು ನಾನು. ಅವುಗಳ ಹಿಂದೆ ಇಂಥ ಒಂದು ಲೆಕ್ಕ ಇದೆ, ಅದನ್ನು ಶಿಲ್ಪಿಗಳು ಕಲ್ಲಿನಲ್ಲಿ ಪಾಲಿಸಿದ್ದಾರೆ ಅಂತ ಅಲ್ಲಿಯೇ ಗೊತ್ತಾಗಿದ್ದು. ಆಮೇಲೆ ಮಗಳು ಯಾವ ಮೂರ್ತಿಯ ಮುಂದೂ ಸುಮ್ನೆ ನಿಲ್ಲಲಿಲ್ಲ. ಕೈ ಮುರಿದ ವಿಷ್ಣು ಸಿಕ್ಕರೆ ಉಳಿದ ಆಯುಧಗಳಿಂದ ಯಾರಿರಬಹುದು ಅಂತ ಊಹಿಸುವುದು ಅವಳಿಗೆ ದೊಡ್ಡ ಕೆಲಸವಾಯಿತು.

ವೀರಗಲ್ಲುಗಳ ಬಗ್ಗೆಯೂ ಹೇಳಬೇಕು. ದೇವರ ಶಿಲ್ಪಗಳ ಅಂದ ಇವಕ್ಕಿಲ್ಲ ಅಂತ ಜನ ಬೇಗ ದಾಟಿಹೋಗುತ್ತಾರೆ. ನನಗೆ ಇವೇ ಹತ್ತಿರ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಒಬ್ಬ ಬಿಲ್ಲು ಹಿಡಿದು ನಿಂತಿರುತ್ತಾನೆ, ಇಲ್ಲವೇ ಹಸುಗಳನ್ನು ಬಿಡಿಸಿಕೊಳ್ಳಲು ಹೋರಾಡುತ್ತಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಇವನ ಹೆಸರು ಇರಲಿ ಅಂತ. ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಒಂದು ಕೈ ಮೇಲೆದ್ದಿರುತ್ತದೆ. ಸತ್ತ ಗಂಡನ ಜೊತೆ ಬೆಂಕಿಗೆ ಹೋದವಳ ಕೈ. ಅದರ ಮುಂದೆ ಮಗಳಿಗೆ ಏನು ಹೇಳಬೇಕು ಅಂತ ತಿಳಿಯದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಾಜರು ಕಟ್ಟಿಸಿದ ಗುಡಿಯಲ್ಲಿ ಈ ಜನರಿಗೆ ಜಾಗ ಇರಲಿಲ್ಲ. ನಮ್ಮ ಊರುಗಳ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಇಂಥ ಕಲ್ಲುಗಳು ಇನ್ನೂ ಬಿದ್ದಿವೆ. ಬಟ್ಟೆ ಒಗೆಯುವ ಕಲ್ಲಾಗಿರುವುದನ್ನೂ ನಾನು ನೋಡಿದ್ದೇನೆ. ಇಲ್ಲಿ ಅವರಿಗೆ ಒಂದು ಪೀಠ ಸಿಕ್ಕಿದೆ.

ಹಿಂದಿನ ದಿನ ದೊಡ್ಡಪ್ಪ ಹೇಳಿದ್ದು ಸರಿ. ಇಲ್ಲಿರುವುದೆಲ್ಲ ಪೂಜೆ ತಪ್ಪಿದ ಮೂರ್ತಿಗಳು. ಹೂವಿಲ್ಲ, ದೀಪವಿಲ್ಲ. ಇವಕ್ಕೆ ಈಗ ನಾವು ಕೊಡಬಹುದಾದದ್ದು ನಮ್ಮ ಸಮಯ. ಅದನ್ನೂ ಕೊಡದೆ ಪಕ್ಕದಲ್ಲೇ ಫೋಟೋ ತೆಗೆಸಿಕೊಂಡು ಹೋಗಿಬಿಡುತ್ತೇವಲ್ಲ ಅಂತ ಬೇಜಾರಾಯಿತು.

ಗುಡಿಗೆ ಹೋಗುವ ಹೊತ್ತಿಗೆ ಬಿಸಿಲು ಏರಿತ್ತು. ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾಗಿದ್ದು 1121ರ ಸುಮಾರಿಗೆ, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ. ಜೋಡಿ ಗುಡಿ, ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಮೇಲೆ ಶಿಖರ ಇಲ್ಲ. ತಳದಿಂದ ಸಾಲುಸಾಲು ಪಟ್ಟಿಗಳು: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಅದರ ಮೇಲೆ ದೊಡ್ಡ ಮೂರ್ತಿಗಳ ಸಾಲು. ಇದನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಆದರೆ ಮ್ಯೂಸಿಯಂ ನೋಡಿ ಬಂದಿದ್ದರಿಂದ ನಮಗೆ ಬೇರೆಯೇ ಸಂಗತಿಗಳು ಕಂಡವು. ಪ್ರತಿ ಮೂರ್ತಿಯೂ ಒಂದು ಬಿಡಿ ಕಲ್ಲು, ಅದಕ್ಕೊಂದು ಒರಟು ಬೆನ್ನಿದೆ, ಅದನ್ನು ಯಾರೋ ಎತ್ತಿ ಕೂರಿಸಿದ್ದಾರೆ ಅಂತ ಕಂಡಿತು. ಕೈಲಾಸ ಎತ್ತುವ ರಾವಣನ ಒಂದು ಕಲ್ಲಿನಲ್ಲಿ ಕೆಳಗೆ ಅವನ ತಲೆಗಳು, ತೋಳುಗಳು, ಮೇಲೆ ಶಿವ ಪಾರ್ವತಿ, ಸುತ್ತ ಗಣಗಳು, ಗಿಡ, ಪ್ರಾಣಿ. ಅಭಿಮನ್ಯು ಸಿಕ್ಕಿಬಿದ್ದ ಚಕ್ರವ್ಯೂಹವನ್ನು ಸುತ್ತು ಗೆರೆಯಾಗಿ ತೋರಿಸಿದ ಒಂದು ಸಣ್ಣ ಪಟ್ಟಿಯ ಮುಂದೆ ಮಗಳು ಬೆರಳಿನಲ್ಲಿ ಗಾಳಿಯಲ್ಲಿ ದಾರಿ ಹುಡುಕಿದಳು. ಅಲ್ಲಲ್ಲಿ ಮುಗಿಸದೆ ಬಿಟ್ಟ ಕೆತ್ತನೆಗಳೂ ಇವೆ. ಮೊದಲು ಬಂದಾಗಲೆಲ್ಲ ಅವನ್ನು ನೋಡಿಯೇ ಇರಲಿಲ್ಲ.

ಸಂಜೆ ಬಸ್ತಿಹಳ್ಳಿಗೆ ನಡೆದೆವು. ಮೂರು ಬಸದಿಗಳು. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ. ಒಳಗಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಕತ್ತಲಾಗುವ ಮೊದಲು ಹಾಸನದ ಬಸ್ಸು ಹಿಡಿದೆವು.

ಭಾನುವಾರ

ಬೆಳಿಗ್ಗೆ ಬೆಳವಾಡಿ. ಹಳೇಬೀಡಿನಿಂದ ಹತ್ತು ಕಿಲೋಮೀಟರ್ ಆಸುಪಾಸು, ಆದರೆ ಚಿಕ್ಕಮಗಳೂರು ಜಿಲ್ಲೆ. ಎರಡನೇ ವೀರಬಲ್ಲಾಳನ ಕಾಲದ ವೀರನಾರಾಯಣ ಗುಡಿ, ಒಂದೇ ಕಟ್ಟಡದಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ. ಇಲ್ಲಿ ಹೊರಗೋಡೆಗಿಂತ ಒಳಗಿನ ಕಂಬಗಳು ನೋಡುವಂಥವು. ಚರಕಿಗೆ ಹಾಕಿ ತಿರುಗಿಸಿ ಮಾಡಿದ ಕಂಬಗಳು. ಇಷ್ಟು ತೂಕದ ಕಲ್ಲನ್ನು ತಿರುಗಿಸಿ, ಬಳೆಯಂಥ ಏಣುಗಳನ್ನು ತೆಗೆದಿದ್ದಾರೆ. ವೇಣುಗೋಪಾಲನ ಸುತ್ತ ಹಸುಗಳು, ಗೋಪಿಯರು, ಋಷಿಗಳು ಕಿವಿಗೊಟ್ಟು ನಿಂತಿದ್ದಾರೆ. ಇಲ್ಲಿ ಪೂಜೆ ನಡೆಯುತ್ತದೆ. ನಾವು ಹೋದಾಗ ಮಂಗಳಾರತಿ ಹೊತ್ತು.

ಅಲ್ಲಿಂದ ಬೇಲೂರು. ಭಾನುವಾರದ ಜನ, ಶಾಲಾ ಮಕ್ಕಳ ಬಸ್ಸುಗಳು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಚೆನ್ನಕೇಶವನ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಸಾಲಿನಲ್ಲಿ ನಿಂತು ಒಳಗೆ ಹೋದಾಗ ಮಗಳು ಅಲಂಕಾರದ ನಡುವೆ ಕೈಗಳನ್ನು ಹುಡುಕಿದಳು. ಹೂವಿನ ಹಾರ, ಪಟ್ಟೆವಸ್ತ್ರದ ಮಧ್ಯೆಯೂ ಮೇಲಿನ ಕೈಗಳ ಶಂಖ, ಚಕ್ರ ಕಂಡವು. "ಕೇಶವನೇ" ಅಂತ ನನ್ನ ಕಿವಿಯಲ್ಲಿ ಹೇಳಿದಳು.

ಮದನಿಕೆಯರು ಒಟ್ಟು 42. ಹೊರಗೆ ಸೂರಿನ ಕೆಳಗೆ 38, ಒಳಗೆ ಕಂಬಗಳ ಮೇಲೆ 4. ಸೂರಿಗೆ ಆಸರೆಯಂತೆ ಓರೆಯಾಗಿ ನಿಂತವರು. ಕತ್ತು ಎತ್ತಿ ಎತ್ತಿ ನೋವು ಬಂದರೂ ಪೂರ್ತಿ ಕಾಣುವುದಿಲ್ಲ. ಹಿಂದಿನ ದಿನ ಹತ್ತಿರದಿಂದ ನೋಡಿದ ಹಾರದ ಎಳೆ, ಗೆಜ್ಜೆಯ ಸಂದುಗಳು ಇಲ್ಲಿ ಕಣ್ಣಿಗೆ ನೆರವಾದವು. ದೂರದಿಂದಲೇ, ಅಲ್ಲಿ ಉಳಿ ತೂರಿಸಿ ಕೊರೆದಿದ್ದಾರೆ, ಅದಕ್ಕೇ ಆ ನೆರಳು ಅಂತ ಗೊತ್ತಾಗುತ್ತಿತ್ತು. ಕೆಲವು ಶಿಲ್ಪಗಳ ಪೀಠದಲ್ಲಿ ಮಾಡಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಒಂದೇ ಗುಡಿಗೆ ಕೆಲಸ ಮಾಡಿದ್ದಾರೆ. ಹಳೇಬೀಡಿನ ಮ್ಯೂಸಿಯಂನ ಆ ಒರಟು ಬೆನ್ನುಗಳ ಮೇಲೆ ಉಳಿ ಆಡಿಸಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಸಿಗಲಿಲ್ಲವೋ ಅಂತ ನಾನು ಯೋಚಿಸುತ್ತಿದ್ದೆ.

ಗುಡಿಯ ಮುಂದಿನ ಅಂಗಡಿಯಲ್ಲಿ ಕಾಫಿ ಕುಡಿಯುವಾಗ ಮಗಳು ಕೇಳಿದಳು, "ಒಬ್ಬನೇ ಶಿಲ್ಪಿ ಚಿಕ್ಕವನಾಗಿದ್ದಾಗ ಮಾಡಿದ್ದು, ವಯಸ್ಸಾದ ಮೇಲೆ ಮಾಡಿದ್ದು, ಎರಡೂ ನೋಡೋಕೆ ಸಿಗುತ್ತಾ ತಾತ?"

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಸಿಗುತ್ತೆ. ಮಲ್ಲಿತಮ್ಮ." ತರೀಕೆರೆ ಹತ್ತಿರ ಅಮೃತಾಪುರದಲ್ಲಿ ಅಮೃತೇಶ್ವರ ಗುಡಿ ಇದೆ, 1196ರದ್ದು, ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು. ಅಲ್ಲಿಯ ಶಾಸನ ಬರೆದವನು ಕವಿ ಜನ್ನ. ಮಲ್ಲಿತಮ್ಮ ಕೆಲಸ ಶುರು ಮಾಡಿದ್ದು ಆ ಗುಡಿಯಲ್ಲಿ ಅನ್ನುತ್ತಾರೆ ವಿದ್ವಾಂಸರು. 1258ರ ಸೋಮನಾಥಪುರದಲ್ಲೂ ಅವನ ಹೆಸರಿದೆ. ಮಧ್ಯೆ 60 ವರ್ಷಕ್ಕೂ ಜಾಸ್ತಿ. "ಮೊದಲು ಅಮೃತಾಪುರ ನೋಡು, ಆಮೇಲೆ ಸೋಮನಾಥಪುರ. ಎರಡು ಕಡೆನೂ ಬೆರಳುಗಳನ್ನು ಹೇಗೆ ಮಾಡಿದಾನೆ ಅಂತ ಬರ್ಕೊಂಡು ಬಾ, ನಂಗೆ ತೋರ್ಸು."

"ನೀವೂ ಬನ್ನಿ ತಾತ."

"ಅಮೃತಾಪುರಕ್ಕೆ ಬರ್ತೀನಿ. ದಸರಾ ರಜೆಯಲ್ಲಿ. ಪುಸ್ತಕ ಮಾತ್ರ ನಿಂದೇ ತಗೊಂಡು ಬಾ, ನಂದು ತುಂಬಿಹೋಗಿದೆ" ಅಂದರು. ಮಗಳು ಆಗಲೇ ಫೋನಿನಲ್ಲಿ ತರೀಕೆರೆಯ ಬಸ್ಸುಗಳನ್ನು ಹುಡುಕುತ್ತಿದ್ದಳು.